ದರಪಟ್ಟಿಯಲ್ಲಿ ಬರೆಯದ ಸಾಲು

ಜಮೀನಿನ ಉತಾರವೊಂದಕ್ಕಾಗಿ ರೈತನು ತಲಾಟಿಯ ದಪ್ತರದೆದುರು ದಿನಗಟ್ಟಲೆ ಕಾಯುತ್ತಿದ್ದ ಕಾಲವು, 2001ರ ಸುಮಾರಿಗೆ ಭೂದಾಖಲೆಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯು ತಾಲೂಕು ಕಚೇರಿಗಳನ್ನು ಪ್ರವೇಶಿಸಿದಂದಿನಿಂದ ಹಿಂದೆ ಸರಿಯಿತಷ್ಟೆ. ಅಂದು ಸರಕಾರ ತುಳಿದ ಹಾದಿಯನ್ನೇ ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂತಹ ಊರುಗಳ ಪತ್ತಿನ ಸಹಕಾರ ಸಂಘಗಳೂ ವಿದ್ಯಾಸಂಸ್ಥೆಗಳೂ ತುಳಿಯುತ್ತಿವೆ. ಆದರೆ ಸರ್ವರನ್ನು ಕೊಳ್ಳುವಾಗ ಹಾರ್ಡ್‌ಡಿಸ್ಕುಗಳು ಎಷ್ಟು, ಒಂದೊಂದರ ಧಾರಣಶಕ್ತಿ ಎಷ್ಟು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸುವ ನಾವು, ಅವುಗಳ ಓದುಬರಹವನ್ನು ನಡೆಸುವ ಕಂಟ್ರೋಲರಿಗೆ ಅವನ್ನು ಕೂಡಿಸುವ ಕೇಬಲನ್ನು ಮಾತ್ರ ಕ್ಷುಲ್ಲಕವೆಂದು ಬಗೆದು, ದರಪಟ್ಟಿಯ ‘ಇತರೆ’ ಎಂಬ ಪದದೊಳಗೆ ಅಡಗಿಸಿಬಿಡುತ್ತೇವೆ. ಈ ಉಪೇಕ್ಷೆ ಸಲ್ಲದು.

ಡಿಸ್ಕುಗಳನ್ನು ಸಾಲಾಗಿ ಕೂರಿಸುವ ಪೆಟ್ಟಿಗೆಯ ಹಿಂಬದಿಯ ಫಲಕಕ್ಕೆ ಬ್ಯಾಕ್‌ಪ್ಲೇನ್ ಎಂದು ಹೆಸರು. ಕಂಟ್ರೋಲರಿನಿಂದ ಹೊರಟ ನಾಲ್ಕು ದತ್ತಾಂಶಪಥಗಳು ಒಂದೇ ಕೇಬಲಿನಲ್ಲಿ ಕೂಡಿ ಅಲ್ಲಿಗೆ ತಲಪುತ್ತವೆ. ಸರ್ವರಿನ ಡಿಸ್ಕುಗಳನ್ನು ಕೂಡಿಸುವ ಸ್ಯಾಸ್ ಎಂಬ ವಿಧಾನದಲ್ಲಿ, ಸೆಕೆಂಡಿಗೆ 6 ಗಿಗಾಬಿಟ್ ವೇಗದ ಪೀಳಿಗೆಯಲ್ಲಿ ಎಸ್‌ಎಫ್‌ಎಫ್-8087 ಎಂಬ ಕೊಂಡಿಯೂ, 12 ಗಿಗಾಬಿಟ್ ಪೀಳಿಗೆಯಲ್ಲಿ ಎಸ್‌ಎಫ್‌ಎಫ್-8643 ಎಂಬುದೂ ರೂಢಿಗೆ ಬಂದವು. ಹೊಸ ಕಂಟ್ರೋಲರನ್ನು ಹಳೆಯ ಬ್ಯಾಕ್‌ಪ್ಲೇನಿಗೆ ಕೂಡಿಸಬೇಕಾದಲ್ಲಿ ಒಂದೊಂದು ತುದಿಗೆ ಒಂದೊಂದು ಬಗೆಯ ಕೊಂಡಿಯುಳ್ಳ ಕೇಬಲೇ ಬೇಕು. ಕೊಂಡಿ ತಪ್ಪಿದ್ದರೆ ಅದು ಕೂಡದೆಯೇ ತನ್ನ ತಪ್ಪನ್ನು ಸಾರುತ್ತದೆ.

ನಾವು ಮೋಸಹೋಗುವುದು ಕೊಂಡಿ ಕೂಡಿದಾಗ. ಒಂದು ತುದಿಯಲ್ಲಿ 8087, ಇನ್ನೊಂದರಲ್ಲಿ ಸಾಮಾನ್ಯ ಡಿಸ್ಕುಗಳ ಸಂಪರ್ಕ ವಿಧಾನವಾದ ಸಾಟಾದ ನಾಲ್ಕು ಕವಲುಗಳುಳ್ಳ ಕೇಬಲಿನಲ್ಲಿ ಎರಡು ಜಾತಿ: ಕಂಟ್ರೋಲರಿನಿಂದ ನಾಲ್ಕು ಡಿಸ್ಕುಗಳಿಗೆ ಹೋಗುವುದು ಫಾರ್ವರ್ಡ್, ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟುಗಳಿಂದ ಬ್ಯಾಕ್‌ಪ್ಲೇನಿಗೆ ಬರುವುದು ರಿವರ್ಸ್. ನೋಡಲು ಎರಡೂ ಅವಳಿಜವಳಿ; ಒಳಗಿನ ತಂತಿಗಳ ಜೋಡಣೆ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಡಿಸ್ಕು ತಿರುಗುತ್ತಿದ್ದರೂ ಗಣಕಕ್ಕೆ ಅದು ಕಾಣದು. ಹಾಸಿನ ಎಳೆಗಳ ಸಂಖ್ಯೆ ಸರಿಯಿದ್ದೂ ಕ್ರಮ ತಪ್ಪಿದರೆ ಅಂಚಿನ ವಿನ್ಯಾಸ ಮೂಡದೆಂಬುದನ್ನು ರಾಮದುರ್ಗದ ನೇಕಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕಿಂತಲೂ ಕಠಿನವಾದುದು ಅರೆಬರೆ ಕೆಲಸ ಮಾಡುವ ಕೇಬಲು. ಸಾಟಾ ಕೇಬಲಿಗೆ 1 ಮೀಟರಿನ ಮಿತಿಯುಂಟು. ಅದನ್ನು ಮೀರಿದರೆ, ಅಥವಾ ಕೇಬಲು ಕಳಪೆಯಾಗಿದ್ದರೆ, ದತ್ತಾಂಶವು ದಾರಿಯಲ್ಲೇ ಕೆಡಬಹುದು. ಹಾಗೆ ಕೆಟ್ಟುದರ ಲೆಕ್ಕವು, ಸಾಟಾ ಡಿಸ್ಕು ತನ್ನ ಸ್ಥಿತಿಗತಿಯ ಬಗೆಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ, ಸಾಮಾನ್ಯವಾಗಿ 199ನೆಯ ಅಂಶದಲ್ಲಿ ದಾಖಲಾಗುತ್ತದೆ. ಆ ಸಂಖ್ಯೆ ಏರುತ್ತಿರುವಾಗ ಮೊದಲು ಶಂಕಿಸಬೇಕಾದುದು ಕೇಬಲನ್ನು. ನಾವಾದರೋ ಗಟ್ಟಿಮುಟ್ಟಾದ ಡಿಸ್ಕನ್ನೇ ಕಿತ್ತೆಸೆಯುತ್ತೇವೆ. ಹೊಲಗಾಲುವೆ ಸೋರಿದುದಕ್ಕೆ ನವಿಲುತೀರ್ಥದ ಅಣೆಕಟ್ಟನ್ನು ದೂರುವವರುಂಟೆ?

ಸರಿಯಾದ ಕೇಬಲನ್ನು ಕೊಡುವುದು ಮಾರುವವನ ಹೊಣೆಯಲ್ಲವೆ ಎಂದು ಕೇಳಬಹುದು. ಅಹುದು, ಆದರೆ ನಾವು ಬರೆದು ಕೇಳದುದಕ್ಕೆ ಅವನನ್ನು ಹೊಣೆಗಾರನನ್ನಾಗಿಸುವುದು ದುಸ್ತರ. ಆದುದರಿಂದ ಕೇಬಲಿನ ಎರಡು ತುದಿಗಳ ಕೊಂಡಿಯ ಹೆಸರು, ದಿಕ್ಕು, ವೇಗ, ಉದ್ದ, ಕಪಾಟಿನಲ್ಲಿ ಕಾದಿರಿಸಲು ಅಂತಹುದೇ ಇನ್ನೊಂದು, ಇಷ್ಟನ್ನು ಖರೀದಿಪತ್ರದಲ್ಲಿ ಪ್ರತ್ಯೇಕ ಸಾಲಾಗಿ ಬರೆಯತಕ್ಕದ್ದು. ಈ ಸಾಲು ಇಲ್ಲದ ದಿನ, ಕೇಬಲಿಗಾಗಿ ಆಳನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಅಟ್ಟಿ, ಅಲ್ಲಿಯೂ ದೊರೆಯದೆ ಬೆಂಗಳೂರಿನ ದಾರಿ ನೋಡುತ್ತ ನಾವು ಕುಳಿತಿರುವಾಗ, ಠೇವಣಿಯ ಹಣ ಕೇಳಲು ಬಂದು ಸಂಘದ ಬಾಗಿಲಲ್ಲಿ ನಿಲ್ಲುವವನು, ಹಿಂದೆ ತಲಾಟಿಯ ದಪ್ತರದೆದುರು ಕಾದಿದ್ದ ಆ ರೈತನೇ.