ಸಜ್ಜೆ ಕಾಳಾಗಿಯೇ ಮನೆಗೆ ಬರಲಿ

ಸಜ್ಜೆ ಒಣಭೂಮಿಯ ಧಾನ್ಯ. ಸುಮಾರು 4,500 ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕಾದ ಸಾಹೆಲ್ ಸೀಮೆಯಲ್ಲಿ ಬೇಸಾಯಕ್ಕೆ ಒಗ್ಗಿದ ಈ ಬೆಳೆ ಬಹು ಹಿಂದೆಯೇ ಭಾರತಕ್ಕೆ ಬಂತು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಇದರ ಪುರಾತನ ಕಾಳುಗಳು ಸಿಕ್ಕಿವೆ. ಇಂದು ಕೊಪ್ಪಳ, ರಾಯಚೂರು, ಕಲಬುರಗಿ, ವಿಜಯಪುರ, ಬಾಗಲಕೋಟೆಯ ಮಳೆಯಾಶ್ರಿತ ಹೊಲಗಳು ಕರ್ನಾಟಕದಲ್ಲಿ ಇದರ ನೆಲೆ.

100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, ಅಷ್ಟೇ ನಾರು ಮತ್ತು 6 ಮಿಲಿಗ್ರಾಂ ಮೀರಿದ ಕಬ್ಬಿಣವಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಸುಣ್ಣದಂಶದಲ್ಲಿ ಮಾತ್ರ ರಾಗಿಯೇ ಬಹಳ ಮೇಲು. ಕಬ್ಬಿಣಾಂಶ ಇನ್ನೂ ಹೆಚ್ಚಿರುವ ‘ಧನಶಕ್ತಿ’ಯಂಥ ತಳಿಗಳೂ ರೈತರ ಕೈ ಸೇರಿವೆ.

ಆದರೆ ಕಾಳಿನಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಸಜ್ಜೆಯಲ್ಲಿರುವ ಫೈಟಿಕ್ ಆಮ್ಲ ಅದನ್ನು ಹಿಡಿದಿಡುತ್ತದೆ. ನೆನೆಹಾಕಿದರೆ, ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಹುಳಿ ಬಂದ ಅಂಬಲಿಯ ಹಿರಿಮೆ ಇದೇ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೂ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ದಿನವೂ ಸಜ್ಜೆಯನ್ನೇ ಉಣ್ಣುವವರು ಅಯೋಡಿನ್ ಉಪ್ಪು ಬಳಸಬೇಕು. ಅಯೋಡಿನ್ ಕೊರತೆಯಿದ್ದಲ್ಲಿ ಇದರ ಕೆಲವು ಅಂಶಗಳು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುತ್ತವೆ.

ಸಜ್ಜೆಯ ರುಚಿಗೂ ಅದರ ದೊಡ್ಡ ತೊಡಕಿಗೂ ಮೂಲ ಒಂದೇ: ಎಣ್ಣೆಯಂಶ. 100 ಗ್ರಾಂನಲ್ಲಿ 5 ಗ್ರಾಂಗೂ ಹೆಚ್ಚು ಕೊಬ್ಬಿದ್ದು, ಅದರ ಬಹುಪಾಲು ದೊಡ್ಡ ಮೊಳಕೆಯ ಭಾಗದಲ್ಲಿದೆ. ಬೀಸಿದ ಕೂಡಲೇ ಆ ಎಣ್ಣೆ ಕಿಣ್ವಕ್ಕೂ ಗಾಳಿಗೂ ತೆರೆದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಹಿಟ್ಟು ಕಮಟು ಹಿಡಿದು ಕಹಿಯಾಗುತ್ತದೆ. ಇಡೀ ಕಾಳು ಮಾತ್ರ ತಿಂಗಳುಗಟ್ಟಲೆ ಕೆಡುವುದಿಲ್ಲ.

ರೊಟ್ಟಿಯ ಕ್ರಮ ಈ ಧಾನ್ಯದ ಗುಣಕ್ಕೆ ತಕ್ಕಂತೆಯೇ ಇದೆ. ಸಜ್ಜೆಯಲ್ಲಿ ಗ್ಲುಟೆನ್ ಇಲ್ಲ, ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಿರಿಯುತ್ತದೆ. ಹಾಗಾಗಿ ಎಸರು ಕುದಿಸಿ ಹಿಟ್ಟಿಗೆ ಹೊಯ್ದರೆ ಪಿಷ್ಟ ಬೆಂದು ಜಿಗಿ ಬರುತ್ತದೆ. ಬಿಸಿಯಿರುವಾಗಲೇ ಚೆನ್ನಾಗಿ ನಾದಿ, ಉಂಡೆ ಮಾಡಿ, ಅಂಗೈಯಿಂದ ತಟ್ಟುತ್ತಾ ತಿರುಗಿಸಿದರೆ ರೊಟ್ಟಿ ತೆಳುವಾಗಿ ಹರಡುತ್ತದೆ. ಮೇಲೆ ಎಳ್ಳು ಉದುರಿಸಿ, ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿದರೆ ಉಬ್ಬುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಪುಂಡಿ ಪಲ್ಯ ಜೊತೆಗೂಡುತ್ತವೆ. ಕಲ್ಯಾಣ ಕರ್ನಾಟಕದಲ್ಲಿ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಸಜ್ಜೆ ಕಡಬು, ಭಜ್ಜಿ ಪಲ್ಯ ಬೇಕೇ ಬೇಕು. ರಾಜಸ್ಥಾನದ ಖಿಚಡಿ, ಗುಜರಾತಿನ ರೋಟ್ಲಾ, ತಮಿಳುನಾಡಿನ ಕಂಬು ಕೂಳು, ಪಶ್ಚಿಮ ಆಫ್ರಿಕಾದ ಹಾಲು ಬೆರೆಸಿದ ಫೂರಾ ಇದೇ ಕಾಳಿನ ಅಡುಗೆಗಳು.

ಪಡಿತರದಲ್ಲಾಗಲಿ ಅಂಗಡಿಯಲ್ಲಾಗಲಿ ಜನರಿಗೆ ಸಜ್ಜೆ ಕೊಡುವುದಾದರೆ ಕಾಳಾಗಿಯೇ ಕೊಡಬೇಕು. ಊರಿನ ಗಿರಣಿಯೂ ಉಳಿಯಬೇಕು. ವಾರಕ್ಕೆ ಬೇಕಾದಷ್ಟೇ ಬೀಸಿಸಿಕೊಳ್ಳುವ ರೂಢಿಯಿದ್ದಲ್ಲಿ ಸಜ್ಜೆಯ ಸತ್ವವೂ ಸಿಹಿಯೂ ತಟ್ಟೆಯವರೆಗೆ ಬರುತ್ತವೆ.