ಊರು ಹೇಳದೆ ಅರಸನನ್ನು ಹೇಳುವುದು ಹೇಗೆ?

ನಮ್ಮ ಮುತ್ಯಾ ಸುರಪುರದ ಅರಸನ ಕತಿ ಶುರು ಮಾಡಿದರೆ ಅರಸನ ಹೆಸರು ಬರುವ ಹೊತ್ತಿಗೆ ನಮಗೆ ಅರ್ಧ ನಿದ್ದೆ. ಮೊದಲು ಆ ವರ್ಷದ ಮಳೆ, ಬಿಳಿಜೋಳದ ಬೆಳಿ, ಯಾರ ಎತ್ತು ಯಾವ ಸಂತಿಗೆ ಹೋದವು, ಯಾರ ಮನಿಯಾಗ ಲಗ್ನ. "ಅರಸಂದು ಹೇಳು ಮುತ್ಯಾ" ಅಂದರೆ, "ಊರು ಹೇಳದ ಅರಸನ್ನ ಹೆಂಗ ಹೇಳ್ಲಿ?" ಅನ್ನುತ್ತಿದ್ದ.

ನೈಜೀರಿಯಾದ ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಪಾಠ ಮಾಡುವಾಗಲೆಲ್ಲ ಮುತ್ಯಾ ಕತಿ ಹೇಳುತ್ತಿದ್ದ ಗೊರೇಬಾಳದ ಕಟ್ಟೆ ನನಗೆ ನೆನಪಾಗುತ್ತದೆ. 25 ಅಧ್ಯಾಯಗಳಲ್ಲಿ ಮೊದಲ 13 ಉಮುವೋಫಿಯಾ ಎಂಬ ಊರಿಗೇ ಮೀಸಲು. ಗೆಣಸಿನ ಬಿತ್ತನೆ, ಕುಸ್ತಿ, ಲಗ್ನದ ಮಾತುಕತೆ, ಮುಖವಾಡ ತೊಟ್ಟ ಹಿರಿಯರ ನ್ಯಾಯ, ಆಮೆಯ ಕತೆ. "ಸರ, ಕತಿ ಯಾವಾಗ ಶುರು ಆಗತೈತ್ರಿ?" ಎಂದು ಹುಡುಗರು ಕೇಳುತ್ತಾರೆ. ಶುರುವಾಗಿ ಆಗಲೇ ನೂರು ಪುಟ ಆಗಿದೆ ಎಂಬುದೇ ನನ್ನ ಉತ್ತರ. ಬಿಳಿಯರು ಬರುವ ಮುಂಚೆ ಅಲ್ಲಿ ಏನೂ ಇರಲಿಲ್ಲ ಎಂದು ಬರೆದವರು ಬಹಳ ಮಂದಿ. ಆ ಸಾಲಿನ ಜಾಯ್ಸ್ ಕ್ಯಾರಿಯ 'ಮಿಸ್ಟರ್ ಜಾನ್ಸನ್' ಕಾದಂಬರಿಯನ್ನು ಕಾಲೇಜಿನಲ್ಲಿ ಓದಿ ಅಚಿಬೆ ಸಿಟ್ಟಾಗಿದ್ದ. ಅದಕ್ಕೆ ಅವನು ಭಾಷಣದ ಉತ್ತರ ಕೊಡಲಿಲ್ಲ. ಊರನ್ನು ಮುಂದೆ ಇಟ್ಟ, ಮಿಷನರಿಗಳನ್ನು ಎರಡನೇ ಭಾಗಕ್ಕೆ ತಳ್ಳಿದ.

ಆ ಎರಡನೇ ಭಾಗ ನಮ್ಮವರಿಗೆ ಬೇಗ ತಿಳಿಯುತ್ತದೆ. ನಾಯಕ ಒಕೊಂಕ್ವೊ ಏಳು ವರ್ಷ ಊರು ಬಿಟ್ಟು ತಾಯಿಯ ತವರಿನಲ್ಲಿ ಇರಬೇಕು. ಊರು ಬದಲಾಗುವುದನ್ನು ಅವನು ಕಣ್ಣಾರೆ ಕಾಣುವುದಿಲ್ಲ. ಗೆಳೆಯ ಬಂದು ಹೇಳಿದಾಗಷ್ಟೇ ಗೊತ್ತು. ಗುಳೆ ಹೋದವರಿಗೆ ಊರಿನ ಸುದ್ದಿ ಮುಟ್ಟುವುದೂ ಹೀಗೇ, ತುಂಡು ತುಂಡಾಗಿ, ತಡವಾಗಿ.

ಕೊನೆಯಲ್ಲಿ ಅವನು ನೇಣು ಹಾಕಿಕೊಳ್ಳುತ್ತಾನೆ. ಜಿಲ್ಲಾಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಸಾಕೆಂದು ಲೆಕ್ಕ ಹಾಕುತ್ತಾನೆ. ಅಷ್ಟು ಪುಟ ಓದಿಬಂದ ನಮಗೆ ಆ ಒಂದು ಪ್ಯಾರಾ ಎದೆಗೆ ಒದ್ದ ಹಾಗಾಗುತ್ತದೆ. ಮೊದಲ 13 ಅಧ್ಯಾಯ ಇಲ್ಲದಿದ್ದರೆ ಹಾಗೆ ಆಗುತ್ತಿರಲಿಲ್ಲ.

ನಮ್ಮಲ್ಲಿ ಆ ಪ್ಯಾರಾ ಬರೆದು ಆಗಿದೆ. 1858ರಲ್ಲಿ ಲಿಂಗಸುಗೂರಿನ ಬ್ರಿಟಿಷರ ದಂಡು ಸುರಪುರದ ಮೇಲೆ ಹೋಯಿತು. ರಾಜಾ ವೆಂಕಟಪ್ಪ ನಾಯಕ ಸೆರೆಯಾದ, ಅದೇ ವರ್ಷ ಗುಂಡೇಟಿನಿಂದ ಸತ್ತ. ತಾನೇ ಗುಂಡು ಹಾರಿಸಿಕೊಂಡ ಎಂದು ಬರೆದವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅವನ ಆತ್ಮಕತೆ 1877ರಲ್ಲಿ ಅಚ್ಚಾಯಿತು. ಟೇಲರ್ ಕೆಟ್ಟವನಲ್ಲ. ಹುಡುಗ ಅರಸ ಅವನನ್ನು 'ಅಪ್ಪಾ' ಎನ್ನುತ್ತಿದ್ದ, ಅವನೂ ಹುಡುಗನ ಮೇಲೆ ಜೀವ ಇಟ್ಟಿದ್ದ. ಆದರೂ ಅದು ಟೇಲರನ ಬದುಕಿನ ಪುಸ್ತಕ. ಅದರಲ್ಲಿ ಅರಸ ಬಂದುಹೋಗುವ ಪಾತ್ರ. ಪ್ರೀತಿಯಿಂದ ಬರೆದರೂ ಅಷ್ಟೇ ಜಾಗ. ನಾವು ಆ ಸಾವನ್ನು ಇವತ್ತಿಗೂ ಹೆಚ್ಚಾಗಿ ಅವನ ಮಾತಿನಲ್ಲೇ ಓದುತ್ತೇವೆ. ಮುತ್ಯಾ ಹೇಳಿದ ಮಳೆ, ಜೋಳ, ಲಗ್ನ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಹಾಗಾಗಿ ಗೈಡು ಓದಿ "ಕಾದಂಬರಿಯ ವಸ್ತು: ಸಂಸ್ಕೃತಿಗಳ ಸಂಘರ್ಷ" ಎಂದು ಒಂದು ಸಾಲು ಬರೆದು ಅಂಕ ತೆಗೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಯಾವುದು ಮೊದಲು ಬಂತು, ಯಾವುದಕ್ಕೆ ಎಷ್ಟು ಪುಟ, ಯಾರು ಹೇಳುತ್ತಿದ್ದಾರೆ, ಅದನ್ನು ಹುಡುಗರು ಕೇಳಲಿ. ವಸಾಹತುಶಾಹಿಯ ಇತಿಹಾಸ ಈ ಕಾದಂಬರಿಯಲ್ಲಿ ಅಧ್ಯಾಯಗಳ ಲೆಕ್ಕದಲ್ಲೇ ಇದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬರೆಯುವ ಹುಡುಗ ಹುಡುಗಿಯರಿಗೆ ಒಂದು ಮಾತು. ನಮ್ಮ ಸೀಮೆಯ ಕಾದಂಬರಿ ಬರೆಯುವುದಾದರೆ ಟೇಲರನಿಂದ ಶುರು ಮಾಡಬೇಡಿ, ತುಂಗಭದ್ರಾ ಎಡದಂಡೆ ನಾಲೆಯಿಂದಲೂ ಬೇಡ. ನಾಲೆ ನೀರು, ನೆಲ್ಲು, ವಲಸೆ ರೈತರ ಕ್ಯಾಂಪು ಬರುವ ಮುಂಚಿನ ಜೋಳದ ಕಣ ಕಂಡವರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಈ ಬೇಸಿಗೆಯಲ್ಲೇ ಅವರ ಮುಂದೆ ಹೋಗಿ ಕೂಡ್ರಿ. ಮಳೆಯಿಂದ ಶುರು ಮಾಡಿದರೆ ಅಡ್ಡ ಬಾಯಿ ಹಾಕಬೇಡಿ.