ಪಕ್ಕದಲ್ಲಿ ನಿಂತವನ ಹಕ್ಕು

ಬೆಂಗಳೂರಿನ ಬಳ್ಳಾರಿ ರಸ್ತೆಯ ಗಂಗಾನಗರ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ ನಿಂತವರಿಗೆ ಒಂದು ದೃಶ್ಯ ಹೊಸತೇನಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಕಡೆಯಿಂದ ಬಂದ ಹಳ್ಳಿಗರು ಎಕ್ಸ್‌ರೇ ಲಕೋಟೆಯನ್ನೂ ಬುತ್ತಿಯ ಚೀಲವನ್ನೂ ಹಿಡಿದು, ಯಾವುದೋ ಆಸ್ಪತ್ರೆಯ ಹೆಸರು ಬರೆದ ಚೀಟಿಯನ್ನು ಎದುರಿಗೆ ಬಂದವರಿಗೆಲ್ಲ ತೋರಿಸುತ್ತಿರುತ್ತಾರೆ. ಕೆಲವು ವಾರಗಳ ಹಿಂದೆ ಅಂತಹ ವೃದ್ಧ ದಂಪತಿ ಅಲ್ಲಿ ದಿಕ್ಕುಗಾಣದೆ ನಿಂತಿದ್ದರು. ಸುತ್ತಲಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಹೆಚ್ಚಿನವರು ಮೊಬೈಲಿನಿಂದ ತಲೆಯೆತ್ತಲಿಲ್ಲ. ಒಬ್ಬರು ‘ಮುಂದೆ ಹೋಗಿ ಕೇಳಿ’ ಎಂದರು. ಈ ಸಾಲುಗಳನ್ನು ಬರೆಯುತ್ತಿರುವವನೂ ಆಗ ಗಡಿಯಾರ ನೋಡಿಕೊಂಡವರಲ್ಲೊಬ್ಬ. ಕೊನೆಗೆ ತಳ್ಳುಗಾಡಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದ ವ್ಯಕ್ತಿಯೊಬ್ಬ ತಕ್ಕಡಿಯನ್ನು ಹಾಗೆಯೇ ಬಿಟ್ಟು ಬಂದು ಆಟೋ ನಿಲ್ಲಿಸಿದ. ಚೀಟಿಯನ್ನು ಚಾಲಕನಿಗೆ ಓದಿ ಹೇಳಿ, ಬಾಡಿಗೆ ಮಾತಾಡಿ, ಅಜ್ಜಿಯನ್ನು ಕೈಹಿಡಿದು ಹತ್ತಿಸಿದ ಬಳಿಕವೇ ಗಾಡಿಗೆ ಮರಳಿದ. ಒಟ್ಟು ಐದು ನಿಮಿಷದ ಕೆಲಸ. ದಂಪತಿ ಆತನ ಹೆಸರು ಕೇಳಲಿಲ್ಲ, ಆತನೂ ಅವರ ಹೆಸರು ಕೇಳಲಿಲ್ಲ.

ಮಹಾನಗರದ ಜನರದ್ದು ಕಲ್ಲೆದೆ ಎಂದು ದೂರುವುದು ಸುಲಭ. ಆದರೆ ಆ ದೂರು ಪೂರ್ತಿ ನಿಜವಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಕಾಲ್ನಡಿಗೆಯಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಿಗೆ ಅನ್ನ, ನೀರು, ಚಪ್ಪಲಿ ಕೊಟ್ಟವರು ಇದೇ ನಗರದವರು. 2021ರ ಎರಡನೇ ಅಲೆಯಲ್ಲಿ ಸ್ವಂತ ಬಂಧುಗಳೇ ಹತ್ತಿರ ಬರಲು ಅಂಜಿದ ಶವಗಳನ್ನು ಹೊತ್ತು, ಅವರವರ ಧರ್ಮದ ವಿಧಿಯಂತೆ ಅಂತ್ಯಸಂಸ್ಕಾರಕ್ಕೆ ನೆರವಾದವರಲ್ಲಿ ನಮ್ಮ ಸಮುದಾಯದ ಯುವಕರೂ ಇದ್ದರು. ಹಾಗಿರುವಾಗ, ಮಹಾವಿಪತ್ತಿನಲ್ಲಿ ಕರಗುವ ಹೃದಯ ಸಾಧಾರಣ ಮಂಗಳವಾರದ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಏಕೆ ಹೆಪ್ಪುಗಟ್ಟುತ್ತದೆ?

ಕಾರಣ ಕ್ರೌರ್ಯವಲ್ಲ, ಭಯ. ನಮಗೇಕೆ ಉಸಾಬರಿ ಎಂಬ ಮಾತಿನ ಹಿಂದೆ ಪೊಲೀಸು, ಕೋರ್ಟು, ಆಸ್ಪತ್ರೆಯ ಬಿಲ್ಲುಗಳ ಭಯವಿದೆ. ಸಹಾಯ ಕೇಳಿದವನು ಮೋಸಗಾರನಾಗಿದ್ದರೆ ಎಂಬ ಶಂಕೆಯಿದೆ. ಗಡ್ಡ, ಟೋಪಿ, ಬುರ್ಖಾಗಳನ್ನು ಅನುಮಾನದಿಂದ ನೋಡುವ ಕಾಲದಲ್ಲಿ, ನೆರವಿಗೆ ಹೋದ ತಾನೇ ಆರೋಪಿಯಾದರೆ ಎಂಬ ಹೆಚ್ಚಿನ ಅಳುಕೂ ನಮ್ಮವರಲ್ಲಿದೆ. ಈ ಭಯಗಳು ನಿರಾಧಾರವೆಂದು ಹೇಳಲಾಗದು. ಆದರೆ ಅವುಗಳಿಗೆ ತೆತ್ತ ಬೆಲೆ ಎಷ್ಟು?

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ಎರಡಾದ ಬೈಕ್ ಸವಾರ ಹರೀಶ್, ಪ್ರಾಣ ಹೋಗುವ ಮುನ್ನ ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡ. ಆತನ ಕಣ್ಣುಗಳು ದಾನವಾದವು. ಸಾಯುತ್ತಿರುವವನು ಅಪರಿಚಿತರ ಬಗ್ಗೆ ಯೋಚಿಸಿದನು! ಮಾರನೆಯ ವರ್ಷ ಅದೇ ತಿಂಗಳಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೊರಟಿದ್ದ 18ರ ತರುಣನೊಬ್ಬ ಬಸ್ಸಿಗೆ ಸಿಲುಕಿ ರಕ್ತದ ಮಡುವಿನಲ್ಲಿ ನೆರವಿಗಾಗಿ ಮೊರೆಯಿಡುತ್ತಿದ್ದಾಗ ನೆರೆದವರಲ್ಲಿ ಹಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆತ ಬದುಕುಳಿಯಲಿಲ್ಲ. ಒಂದೇ ರಾಜ್ಯದ ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ತಲೆ ತಗ್ಗಿಸದಿರುವುದು ಹೇಗೆ?

ಆ ಬಳಿಕ ಸರಕಾರ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆ ನೀಡುವ ಯೋಜನೆಯನ್ನು ರಾಜ್ಯ ಸರಕಾರ 2016ರಲ್ಲಿ ಹರೀಶನ ಹೆಸರಿನಲ್ಲೇ ಆರಂಭಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗಳಿಗೆ ಸುಪ್ರೀಮ್ ಕೋರ್ಟು ಅದೇ ವರ್ಷದ ಮಾರ್ಚ್ 30ರಂದು ಕಾನೂನಿನ ಬಲ ನೀಡಿತು. ಇಂತಹ ನೆರವುಗಾರರ ರಕ್ಷಣೆಗೆ ಪ್ರತ್ಯೇಕ ಶಾಸನ ಮಾಡಿದ ದೇಶದ ಮೊದಲ ರಾಜ್ಯ ನಮ್ಮ ಕರ್ನಾಟಕ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ 2018ರಲ್ಲಿ ದೊರೆಯಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಇಡೀ ದೇಶಕ್ಕೆ ಈ ರಕ್ಷಣೆಯನ್ನು ವಿಸ್ತರಿಸಿತು. ಸದುದ್ದೇಶದಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನೆರವಾದವನ ಇಚ್ಛೆಗೆ ಬಿಟ್ಟದ್ದು. ಗಾಯಾಳುವನ್ನು ಮೊದಲು ಉಪಚರಿಸುವುದು ವೈದ್ಯರ ಕರ್ತವ್ಯವೆಂದು ಸುಪ್ರೀಮ್ ಕೋರ್ಟು 1989ರಲ್ಲೇ ಸಾರಿದೆ.

ವಿಪರ್ಯಾಸವೆಂದರೆ, ಈ ಹಕ್ಕುಗಳ ಅರಿವು ಜನರಿಗೆ ತಲುಪಿಯೇ ಇಲ್ಲ. ಆಸ್ಪತ್ರೆಗಳ ಪ್ರವೇಶದ್ವಾರದಲ್ಲಿ ಇವುಗಳ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಹಾಕಬೇಕೆಂದು 2020ರ ನಿಯಮಗಳು ವಿಧಿಸಿವೆ. ನಿಮ್ಮೂರಿನ ಆಸ್ಪತ್ರೆಯಲ್ಲಿ ಆ ಫಲಕವನ್ನು ನೀವು ಕಂಡಿದ್ದೀರಾ? ಕಾಣದಿದ್ದರೆ ಕೇಳಿದ್ದೀರಾ? ಶಾಸನ ಮಾಡಿದ ಸರಕಾರಕ್ಕೆ ಅದನ್ನು ಠಾಣೆಯ ಪೇದೆಯಿಂದ ಆಸ್ಪತ್ರೆಯ ಕೌಂಟರಿನ ಗುಮಾಸ್ತನವರೆಗೆ ಮನದಟ್ಟು ಮಾಡಿಸುವ ಹೊಣೆಯೂ ಇದೆ. ಒಬ್ಬ ನೆರವುಗಾರನನ್ನು ಠಾಣೆಯಲ್ಲಿ ಮೂರು ತಾಸು ಕೂರಿಸಿದರೆ ಆ ಬೀದಿಯ ನೂರು ಮಂದಿ ಮುಂದಿನ ಸಲ ಮುಖ ತಿರುಗಿಸುತ್ತಾರೆ.

ಆದರೆ ಕಾನೂನು ಭಯವನ್ನು ನೀಗಬಲ್ಲದೇ ಹೊರತು ಕರುಣೆಯನ್ನು ಹುಟ್ಟಿಸಲಾರದು. ಆ ಕೆಲಸ ಮನೆಯದ್ದು, ಮಸೀದಿಯದ್ದು. ಪವಿತ್ರ ಕುರ್‌ಆನ್ ಸತ್ಕಾರಕ್ಕೆ ಅರ್ಹರಾದವರನ್ನು ಹೆಸರಿಸುವಾಗ ಮಾತಾಪಿತರು, ಬಂಧುಗಳು, ಅನಾಥರು, ನೆರೆಹೊರೆಯವರ ಜೊತೆಗೆ ‘ಪಕ್ಕದಲ್ಲಿರುವ ಸಂಗಾತಿ’ಯನ್ನೂ ದಾರಿಹೋಕನನ್ನೂ ಸೇರಿಸಿದೆ. ಪಕ್ಕದಲ್ಲಿರುವವನೆಂದರೆ ಪ್ರಯಾಣದಲ್ಲಿ ಜೊತೆಯಾದವನೂ ಹೌದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬಸ್ಸಿನಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತ ಅಪರಿಚಿತನಿಗೂ ನಮ್ಮ ಮೇಲೆ ಹಕ್ಕಿದೆ ಎಂದಾಯಿತು. ಝಕಾತಿಗೆ ಅರ್ಹವಾದ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ‘ಅಲ್ ಮಾಊನ್’ ಎಂಬ ಪುಟ್ಟ ಅಧ್ಯಾಯವಂತೂ ನಮಾಝ್ ಮಾಡುತ್ತಲೇ ದಿನಬಳಕೆಯ ಸಣ್ಣಪುಟ್ಟ ಉಪಕಾರಗಳನ್ನು ನಿರಾಕರಿಸುವವರನ್ನು ಎಚ್ಚರಿಸುತ್ತದೆ. ಬಾವಿಗೆ ಇಳಿಬಿಡುವ ಬಕೀಟು, ಅಡುಗೆಯ ಪಾತ್ರೆಯಂತಹ ವಸ್ತುಗಳನ್ನು ವಿದ್ವಾಂಸರು ಅದಕ್ಕೆ ಉದಾಹರಣೆಯಾಗಿ ಕೊಟ್ಟರು. ಇಂದು ಅದರ ಅರ್ಥ ಒಂದು ಫೋನ್ ಕರೆ, ಒಂದು ಬಾಟಲಿ ನೀರು, ಒಂದು ವಿಳಾಸ. ದಾರಿಯ ಮುಳ್ಳನ್ನು ಸರಿಸುವುದನ್ನು ಈಮಾನಿನ ಭಾಗವೆಂದೂ ದಾರಿ ತಪ್ಪಿದವನಿಗೆ ದಾರಿ ತೋರುವುದನ್ನು ದಾನವೆಂದೂ ಪ್ರವಾದಿ(ಸ) ಕಲಿಸಿದರು. ಈ ನಾಡಿಗೂ ಇದು ಪರಕೀಯವಲ್ಲ. ಅರವಟ್ಟಿಗೆ ಇಟ್ಟವರೂ ಮುಸಾಫಿರ್‌ಖಾನೆ ಕಟ್ಟಿಸಿದವರೂ ನೀರು ಕುಡಿಯಲು ಬಂದವನ ಊರನ್ನು ಕೇಳಿದ ಮೇಲೆ ನೀರು ಕೊಟ್ಟವರಲ್ಲ.

ಇಲ್ಲಿ ನಾವು ನಮ್ಮ ಮನೆಯಂಗಳವನ್ನೇ ಗುಡಿಸಬೇಕಾಗಿದೆ. ರಮಝಾನಿನಲ್ಲಿ ಆಹಾರದ ಕಿಟ್ಟು ಹಂಚುವಾಗ ಪಡೆಯುವವಳ ಮುಖ ಕಾಣುವಂತೆ ಫೋಟೋ ತೆಗೆಸುವ ಚಾಳಿ ನಮ್ಮಲ್ಲೂ ಬೆಳೆದಿದೆ. ಕೊಪ್ಪಳದ ಬೀದಿಯಲ್ಲಿ ಎತ್ತಿದ ಕ್ಯಾಮರಾಗೂ ಈ ಕ್ಯಾಮರಾಗೂ ಉದ್ದೇಶ ಬೇರೆಯಿರಬಹುದು, ಆದರೆ ಎದುರಿನ ಮನುಷ್ಯನ ಮಾನ ಎರಡರಲ್ಲೂ ಮರೆಯಾಗುತ್ತದೆ. ಇನ್ನೊಂದು ದೌರ್ಬಲ್ಯ, ನೆರವಿಗೆ ಮುನ್ನ ಹೆಸರು ಕೇಳುವುದು. ನಮ್ಮವನೋ ಅಲ್ಲವೋ ಎಂದು ಇತರರು ನಮ್ಮನ್ನು ಅಳೆದಾಗ ನೋವಾಗುತ್ತದೆ. ಅದೇ ಅಳತೆಗೋಲನ್ನು ನಾವು ಹಿಡಿದರೆ ದೂರುವ ಹಕ್ಕಾದರೂ ಎಲ್ಲಿ ಉಳಿಯಿತು?

ಮಾಡಬೇಕಾದುದು ಮಹಾಕಾರ್ಯವೇನಲ್ಲ. 112 ತುರ್ತು ಸಂಖ್ಯೆ, 108 ಆಂಬುಲೆನ್ಸ್ ಸಂಖ್ಯೆ ಎಂಬುದು ಮನೆಯ ಮಕ್ಕಳಿಗೂ ಕಂಠಪಾಠವಾಗಲಿ. ವರ್ಷಕ್ಕೊಂದು ಜುಮಾ ಖುತ್ಬಾ ಅಪಘಾತದ ಗಾಯಾಳುವಿನ ಹಕ್ಕಿನ ಕುರಿತಾಗಲಿ. ಮೊಹಲ್ಲಾದ ಯುವಕರಿಗೆ ರಕ್ತಸ್ರಾವ ತಡೆಯುವುದು ಹೇಗೆ, ಗಾಯಾಳುವನ್ನು ಎತ್ತುವುದು ಹೇಗೆ ಎಂದು ತಿಳಿದವರಿಂದ ತರಬೇತಿ ಕೊಡಿಸೋಣ. ರಸ್ತೆಬದಿಯ ಮಸೀದಿಗಳು ಹೊರಗೋಡೆಗೊಂದು ಕುಡಿಯುವ ನೀರಿನ ನಲ್ಲಿ ಇಡಲಿ, ದಾರಿಹೋಕ ಮಹಿಳೆಯರಿಗೆ ಶೌಚಾಲಯದ ಬಾಗಿಲು ತೆರೆಯಲಿ. ಮೋಸ ಹೋಗುವ ಭಯವಿದ್ದರೆ ಹಣ ಕೊಡಬೇಡಿ, ಔಷಧವನ್ನೋ ಟಿಕೆಟನ್ನೋ ಕೊಡಿಸಿ. ಹತ್ತರಲ್ಲೊಬ್ಬ ವಂಚಿಸಿಯಾನೆಂದು ಒಂಬತ್ತು ಮಂದಿಯನ್ನು ಬಿಸಿಲಲ್ಲಿ ನಿಲ್ಲಿಸುವುದು ಜಾಣತನವಲ್ಲ.

ಗಂಗಾನಗರದ ಆ ನಿಲ್ದಾಣದಲ್ಲಿ ನಾಳೆಯೂ ಯಾರೋ ಒಬ್ಬರು ಚೀಟಿ ಹಿಡಿದು ನಿಂತಿರುತ್ತಾರೆ. ಹಣ್ಣಿನ ಗಾಡಿಯವನು ಪ್ರತಿ ಸಲವೂ ಅಲ್ಲಿರಲಾರ. ಅಂದು ಗಡಿಯಾರ ನೋಡಿಕೊಂಡವರಿಗೆ ಇನ್ನೊಂದು ಅವಕಾಶವನ್ನು ಅಲ್ಲಾಹನು ಇಟ್ಟಿದ್ದಾನೆ. ಈ ಸಲ ಒಂದು ಬಸ್ಸು ತಪ್ಪಿದರೂ ಚಿಂತೆಯಿಲ್ಲ.